ಸೋಲುವ ಪಾಠವಾಗದ ಶತ್ರು

"ಗುರುಗಳೇ, ವ್ಯೂಹಗಳೆಲ್ಲ ಬಾಯಿಪಾಠವಾಗಿವೆ. ಸ್ವಂತ ಬುದ್ಧಿಯಿಂದ ಯೋಚಿಸಿ ಎನ್ನುತ್ತೀರಲ್ಲ, ಅದಕ್ಕೆ ಸೂತ್ರ ಯಾವುದು? ಹೇಳಿದರೆ ಅದನ್ನೂ ಬಾಯಿಪಾಠ ಮಾಡಿಬಿಡುತ್ತೇನೆ" ಎಂದು ಬೊಮ್ಮರಸ ಕೇಳಿದ.

ಗುರುಗಳು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಮಳೆಗಾಲದಿಂದ ಇವನ ಮುಂದೆ ಗಂಟಲು ಹರಿದುಕೊಂಡದ್ದೆಲ್ಲ ಗಾಳಿಗೆ ಹೋಗಿತ್ತು. ನಾಳೆ ಬೆಳಗಾದರೆ ಇವನು ಗಡಿಯ ಕೋಟೆಗೆ ದಳಪತಿಯಾಗಿ ಹೊರಡುವವನು. ಅಲ್ಲಿಯ ಸೈನಿಕರ ಜೀವವೆಲ್ಲ ಇವನ ತಲೆಯನ್ನು ನಂಬಿಕೊಂಡಿರಬೇಕು. ಅದನ್ನು ನೆನೆದರೆ ಗುರುಗಳಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗುತ್ತಿತ್ತು.

"ಸೂತ್ರ ಇಲ್ಲ. ಕತೆ ಇದೆ, ಕೇಳು" ಎಂದರು.

"ಒಂದು ಕೋಟೆ. ಅದಕ್ಕೊಬ್ಬ ದಳಪತಿ. ಅಲ್ಲಿ ವರ್ಷಕ್ಕೊಮ್ಮೆ ಅರಸನ ಮುಂದೆ ಅಣಕು ಯುದ್ಧ ನಡೆಯುತ್ತಿತ್ತು. ಅರಸ ಕೂರಲು ನೆರಳಿದ್ದದ್ದು ಮೂಡಣ ಬಾಗಿಲ ಬಳಿ. ಆದ್ದರಿಂದ ಶತ್ರುವಿನ ವೇಷ ಹಾಕಿದವರು ಮೂಡಣದಿಂದಲೇ ಬರಬೇಕು. ಅರಸನ ಊಟದ ಹೊತ್ತಿಗೆ ನಗಾರಿ ಬಾರಿಸುತ್ತಿದ್ದರು. ನಗಾರಿ ಕೇಳಿದೊಡನೆ ಶತ್ರುಗಳು ಸೋತು ಓಡಬೇಕು. ಹೀಗೆ ಕಲಿತು ಕಲಿತು ಸೈನಿಕರು ಪಳಗಿದರು. ಅರಸ ಮೆಚ್ಚಿ ದಳಪತಿಗೆ ಶಾಲು ಹೊದಿಸಿದ.

"ಒಂದು ದಿನ ನಿಜವಾದ ಶತ್ರು ಬಂದ. ಸೈನಿಕರೆಲ್ಲ ಮೂಡಣ ಬಾಗಿಲಿಗೆ ಓಡಿದರು. ಒಬ್ಬ ಕಾವಲುಗಾರ ದಳಪತಿಯ ಕಿವಿಯಲ್ಲಿ, 'ಒಡೆಯ, ಧೂಳು ಏಳುತ್ತಿರುವುದು ಪಡುವಣದಲ್ಲಿ' ಎಂದ. ದಳಪತಿಯೂ ಅವನ ಕಿವಿಯಲ್ಲೇ, 'ಬಾಯಿ ಮುಚ್ಚು. ಇಷ್ಟು ವರ್ಷ ಕಲಿತದ್ದು ಸುಳ್ಳೇ? ಹೋಗಿ ನಗಾರಿ ಬಾರಿಸು, ಓಡುತ್ತಾರೆ' ಎಂದ. ಅವನು ಬಾರಿಸಿದ. ಆದರೆ ಈ ಶತ್ರುವಿಗೆ ಸೋಲುವ ಪಾಠವಾಗಿರಲಿಲ್ಲ. ಪಡುವಣ ಬಾಗಿಲು ಒಡೆದು ಒಳಗೆ ನುಗ್ಗಿದ. ಸಂಜೆಯ ಹೊತ್ತಿಗೆ ಕೋಟೆಯೊಳಗಿದ್ದವರಲ್ಲಿ ಒಬ್ಬನೂ ಬದುಕಿ ಉಳಿದಿರಲಿಲ್ಲ."

ಸುತ್ತ ಕುಳಿತು ಕೇಳುತ್ತಿದ್ದ ಉಳಿದ ಶಿಷ್ಯರೆಲ್ಲ ತಲೆದೂಗಿದರು. ಬೊಮ್ಮರಸ ಮಾತ್ರ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ಅದೇನು ಮಾಡುತ್ತಿದ್ದೀಯ ಎಂದು ಗುರುಗಳು ಕೇಳಿದರು.

"ಕತೆಯನ್ನು ಬಾಯಿಪಾಠ ಮಾಡುತ್ತಿದ್ದೇನೆ ಗುರುಗಳೇ, ಒಂದಕ್ಷರವೂ ತಪ್ಪುವುದಿಲ್ಲ. ಪಡುವಣ ಬಾಗಿಲನ್ನೂ ಕಾಯಬೇಕು, ಅಷ್ಟೇ ತಾನೇ?"

ಗುರುಗಳಿಗೆ ಸಾಕುಸಾಕಾಯಿತು. ಎದ್ದು ಹೊದ್ದ ವಸ್ತ್ರ ಕೊಡವಿಕೊಂಡರು.

"ಕೋಟೆಯೊಳಗೆ ಒಬ್ಬನೂ ಉಳಿಯಲಿಲ್ಲ ಎಂದೆನಲ್ಲಪ್ಪ, ಹಾಗಾದರೆ ಅವರಿಬ್ಬರು ಕಿವಿಯಲ್ಲಿ ಆಡಿಕೊಂಡ ಮಾತನ್ನು ನನಗೆ ಹೇಳಿದವರು ಯಾರು?"