ಮನೆ ಕೂಸಿನ ಡಬ್ಬಿ

“ಗುರುಗಳೇ, ಒಳ್ಳೆಯದನ್ನು ಕೊಟ್ಟರೂ ಮಕ್ಕಳು ಯಾಕೆ ಒಲ್ಲೆ ಅನ್ನುತ್ತಾರೆ?”

ಕೇಳಿದವನು ನಿಜಗುಣ. ಮಠದ ಶಾಲೆಯಲ್ಲಿ ಓದುವ ಚಿಕ್ಕ ಮಕ್ಕಳಿಗೆ ಸಂಜೆ ತಿಂಡಿ ಕೊಡುವ ಕೆಲಸ ಅವನದು. ಶಾಲೆ ಬಿಟ್ಟ ಮೇಲೆ ಅವರನ್ನು ಸಾಲಾಗಿ ಕೂರಿಸಿ ಮೊಳಕೆಕಾಳು ಹಂಚುತ್ತಿದ್ದ. ಮಕ್ಕಳು ಅದನ್ನು ಗಿಡದ ಬುಡಕ್ಕೆ ಸುರಿದು ಹೊರಗಿನ ಅಂಗಡಿಗೆ ಓಡುತ್ತಿದ್ದರು. ಬೈದು ನೋಡಿದ್ದ. ಕಾಳಿನ ಗುಣವನ್ನು ವಿವರಿಸಿಯೂ ನೋಡಿದ್ದ. ಯಾವುದೂ ನಡೆದಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಶಾಲೆಯ ಎದುರು ಒಲೆ ಹೂಡಿ ಭಜಿ ಕರಿದು ಮಾರುತ್ತಿದ್ದಳು. ಸಂಜೆ ಗಂಟೆ ಹೊಡೆದ ಕೂಡಲೇ ಮಕ್ಕಳೆಲ್ಲ ಅವಳ ಬಾಣಲೆಯ ಸುತ್ತ ನೆರೆಯುತ್ತಿದ್ದರು. ಅವಳಿಗೆ ಪ್ರತಿಯೊಬ್ಬರ ಹೆಸರೂ ಗೊತ್ತಿತ್ತು. ಯಾರಿಗೆ ಖಾರ ಆಗುವುದಿಲ್ಲ, ಯಾರು ಸುಡುಸುಡುವುದನ್ನೇ ಬಾಯಿಗಿಟ್ಟು ಅಳುತ್ತಾರೆ ಎಂಬುದೂ ಗೊತ್ತಿತ್ತು. “ಬಾ ನನ್ನ ಕೂಸ” ಎಂದೇ ಎಲ್ಲರನ್ನೂ ಕರೆಯುತ್ತಿದ್ದಳು. ಕೈಯಲ್ಲಿ ಕಾಸಿಲ್ಲದೆ ನಿಂತ ಮಗುವನ್ನು ಬರಿಗೈಯಲ್ಲಿ ಕಳಿಸಿದವಳಲ್ಲ. ನಿನ್ನೆಯ ಎಣ್ಣೆಗೆ ಇವತ್ತಿನ ಎಣ್ಣೆ ಸುರಿಯುತ್ತಿದ್ದಳು, ನಿಜ. ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಆ ಬಗ್ಗೆ ಯೋಚಿಸಿರಲಿಲ್ಲ.

ಅವಳಿಗೆ ಒಬ್ಬ ಮೊಮ್ಮಗ, ಮಗಳ ಮಗ. ಹಿಂದಿನ ವರ್ಷ ಕಾಮಾಲೆಯಾಗಿ ಬದುಕಿದ್ದೇ ಹೆಚ್ಚು. ಎಣ್ಣೆಯ ಪದಾರ್ಥ ಮುಟ್ಟಿಸಬೇಡ ಎಂದು ವೈದ್ಯರು ಹೇಳಿದ್ದರು. ಮಗಳು ಹತ್ತಿ ಗಿರಣಿಗೆ ಹೋಗುತ್ತಿದ್ದುದರಿಂದ ಮುದುಕಿ ಅವನನ್ನು ಅಂಗಡಿಗೇ ಕರೆತರುತ್ತಿದ್ದಳು. ಅವನಿಗಾಗಿ ಒಂದು ಡಬ್ಬಿ ತರುತ್ತಿದ್ದಳು. ಒಂದು ದಿನ ಅದರಲ್ಲಿ ಮೊಳಕೆ ಬರಿಸಿದ ಹೆಸರುಕಾಳು, ಕಾಯಿತುರಿ. ಇನ್ನೊಂದು ದಿನ ಕುದಿಸಿದ ಶೇಂಗಾ. ಮತ್ತೊಂದು ದಿನ ಸಜ್ಜೆ ರೊಟ್ಟಿಯನ್ನು ಪುಡಿ ಮಾಡಿ ಬೆಲ್ಲ, ಹಾಲು ಹಾಕಿ ಕಲಸಿದ್ದು. ಹುಡುಗ ಒಲೆಯ ಹಿಂದೆ, ಉಳಿದ ಮಕ್ಕಳಿಗೆ ಬೆನ್ನು ಮಾಡಿ ಕುಳಿತು ಒಬ್ಬನೇ ತಿನ್ನುತ್ತಿದ್ದ.

ಗಿರಾಕಿ ಮಕ್ಕಳಲ್ಲಿ ನೀಲವ್ವ ಎಂಬ ಹುಡುಗಿ ಇದ್ದಳು. ಒಂದನೇ ತರಗತಿ. ಅವಳ ತಂದೆತಾಯಿ ಕಲ್ಲುಗಣಿಯಿಂದ ಬರುವಾಗ ಕತ್ತಲಾಗುತ್ತಿತ್ತು. ಅಲ್ಲಿಯವರೆಗೆ ಅವಳ ಹೊಟ್ಟೆಗೆ ಮುದುಕಿಯ ಭಜಿಯೇ ಗತಿ. ಒಂದು ಸಂಜೆ ಅವಳು ಬಾಣಲೆಯ ಕಡೆ ನೋಡದೆ ಒಲೆಯ ಹಿಂದಕ್ಕೆ ಬೆರಳು ತೋರಿಸಿದಳು.

“ಅಜ್ಜಿ, ನನಗ ಅದನ್ನ ಕೊಡು.”

ಮುದುಕಿ ನಕ್ಕಳು. “ಅದು ಮಾರೂದಲ್ಲವ್ವಾ. ಅದು ಮನೀ ಕೂಸಿಂದು.”

ಹುಡುಗಿ ಮುದುಕಿಯ ಮುಖ ನೋಡಿದಳು. “ನನಗೂ ನೀ ದಿನಾ ನನ್ನ ಕೂಸ ಅಂತೀ. ನಾ ಮನೀ ಕೂಸಲ್ಲೇನು?”

ಅದರಲ್ಲಿ ಸಿಟ್ಟಿರಲಿಲ್ಲ, ಜಗಳವಿರಲಿಲ್ಲ. ತಿಳಿಯದ್ದನ್ನು ಮಗು ಕೇಳಿತ್ತು, ಅಷ್ಟೆ. ಮುದುಕಿ ಕಾಗದದಲ್ಲಿ ಭಜಿ ಸುತ್ತಿ ಕೈಗಿಟ್ಟಳು. ನೀಲವ್ವ ಅದನ್ನೇ ತಿನ್ನುತ್ತಾ ಹೋದಳು. ಆಮೇಲೆ ಮುದುಕಿಗೆ ಬಾಣಲೆಗೆ ಹಿಟ್ಟು ಬಿಡಲು ಕೈ ಬರಲಿಲ್ಲ. ಎಣ್ಣೆ ಹೊಗೆಯಾಡುತ್ತಲೇ ಇತ್ತು.

ಮನೆಯಲ್ಲಿ ಮಗಳಿಗೆ ಹೇಳಿದಳು. ಮಗಳು, “ಅವು ಕೇಳಿದ್ದನ್ನ ಕೊಡ್ತೀಯವ್ವಾ. ನಿಂದೇನು ತಪ್ಪು?” ಎಂದಳು.

“ಕೇಳಿದ್ದನ್ನ ಕೊಟ್ಟೆ, ಖರೆ. ಇವತ್ತೊಂದು ಕೂಸು ಬ್ಯಾರೇದು ಕೇಳಿತು. ಅದನ್ನ ಕೊಡಲಿಲ್ಲ.”

ಮರುದಿನ ಅವಳು ಬಾಣಲೆ ಇಡಲಿಲ್ಲ. ದೊಡ್ಡ ಪಾತ್ರೆಯ ತುಂಬ ಹೆಸರುಕಾಳು ತಂದಿಟ್ಟಳು. ಮಕ್ಕಳು ಬಂದರು, ಪಾತ್ರೆಯೊಳಗೆ ಇಣುಕಿದರು, ಮೂಗು ಮುರಿದು ರಸ್ತೆ ದಾಟಿ ಇನ್ನೊಂದು ಅಂಗಡಿಗೆ ಹೋದರು. ಉಳಿದವಳು ನೀಲವ್ವ ಒಬ್ಬಳೇ. ಮುದುಕಿ ಹಟ ಬಿಡಲಿಲ್ಲ. ಮಕ್ಕಳನ್ನು ತಡೆದು ನಿಲ್ಲಿಸಿ, ಇದು ಮೈಗೆ ಒಳ್ಳೆಯದು, ಅದು ಕೆಟ್ಟದ್ದು ಎಂದು ಹೇಳತೊಡಗಿದಳು. ಅವಳನ್ನು ಕಂಡರೆ ಓಡಿ ಬರುತ್ತಿದ್ದ ಮಕ್ಕಳು ಈಗ ಅವಳನ್ನು ತಪ್ಪಿಸಿ ಶಾಲೆಯ ಹಿಂದಿನ ದಾರಿ ಹಿಡಿದರು. ಅದರಿಂದ ಅವಳಿಗೆ ಬಹಳ ನೋವಾಯಿತು. ವ್ಯಾಪಾರ ಹೋದದ್ದಕ್ಕಿಂತ ಹೆಚ್ಚು ನೋವಾಯಿತು. ಉಳಿದ ಕಾಳನ್ನು ಮನೆಗೆ ಹೊತ್ತು ತಂದು, “ನಾಳೆಯಿಂದ ಮತ್ತ ಭಜೀನೇ ಕರೀತೀನಿ” ಎಂದು ಕಣ್ಣೊರೆಸಿಕೊಂಡಳು.

ಮಗಳು ಕೇಳಿದಳು: “ನನ್ನ ಮಗನಿಗೆ ಯಾವತ್ತರೆ ಇದು ಮೈಗೆ ಒಳ್ಳೇದು ಅಂತ ಹೇಳಿ ತಿನಿಸೀಯೇನು?”

ಮುದುಕಿ ನೆನಪು ಮಾಡಿಕೊಂಡಳು. ಯಾವತ್ತೂ ಹೇಳಿರಲಿಲ್ಲ. ಕಾಯಿಲೆಯಿಂದ ಎದ್ದಾಗ ಮೊಮ್ಮಗ ತುತ್ತು ಮುಟ್ಟುತ್ತಿರಲಿಲ್ಲ. ಆಗ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದು ತುತ್ತು ತಾನು ತಿಂದು ಇನ್ನೊಂದನ್ನು ಅವನ ಬಾಯಿಗಿಡುತ್ತಿದ್ದಳು.

ಮರುದಿನ ಅವಳು ಒಲೆಯ ಮುಂದೆ ಚಾಪೆ ಹಾಸಿದಳು. ಪಾತ್ರೆಯಲ್ಲಿ ಉಪ್ಪು ಹಾಕಿ ಶೇಂಗಾ ಕುದಿಯಲು ಇಟ್ಟಳು. ಕೆಂಡದಲ್ಲಿ ಗೆಣಸು ಹೂತಳು. ಮೊಮ್ಮಗನನ್ನು ಮುಂದೆ ಕರೆದು ಕೂರಿಸಿ ತಾನೂ ಪಕ್ಕದಲ್ಲಿ ಕುಳಿತಳು. ಗಂಟೆ ಹೊಡೆದಾಗ ಯಾರನ್ನೂ ಕರೆಯಲಿಲ್ಲ. ಬಿಸಿ ಶೇಂಗಾ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾ ಹುಡುಗನ ಹತ್ತಿರ ಹರಟೆ ಹೊಡೆಯುತ್ತಿದ್ದಳು. ನೀಲವ್ವ ಬಂದು ಜಾಗ ಮಾಡಿಕೊಂಡಳು. ಗೆಣಸು ಸುಟ್ಟ ವಾಸನೆ ರಸ್ತೆಗೆ ಹಬ್ಬಿತು. ಒಬ್ಬ ಹುಡುಗ ಬಂದು ನಿಂತ.

“ಏನು ತಿನ್ನಾಕತ್ತೀರಿ?”

“ಸರೀರಿ, ಅವನಿಗೂ ಜಾಗ ಬಿಡ್ರಿ,” ಎಂದಳು ಮುದುಕಿ.

ಎಲ್ಲ ಮಕ್ಕಳೂ ತಿರುಗಿ ಬರಲಿಲ್ಲ. ವ್ಯಾಪಾರವೂ ಮೊದಲಿನಷ್ಟು ಆಗಲಿಲ್ಲ. ಸಂತೆಯ ದಿನ ದೊಡ್ಡವರಿಗಾಗಿ ಅವಳು ಹೊಸ ಎಣ್ಣೆಯಲ್ಲಿ ಭಜಿ ಕರಿಯುತ್ತಿದ್ದಳು. ಚಾಪೆ ಮಾತ್ರ ದಿನವೂ ತುಂಬುತ್ತಿತ್ತು. ಮಕ್ಕಳು ಕಾಳಿಗೆ ನಿಂಬೆಹಣ್ಣು ಹಿಂಡಲು ನಾನು ತಾನು ಎಂದು ಜಗಳವಾಡುತ್ತಿದ್ದರು. ಪೇರಲ ಹಣ್ಣನ್ನು ಹೋಳು ಮಾಡಿ ಉಪ್ಪು ಹಚ್ಚುವ ಕೆಲಸವನ್ನು ಮೊಮ್ಮಗ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮಾತೇ ಬಾರದವನಂತೆ ಇದ್ದ ಹುಡುಗ ಈಗ ಸುಮ್ಮನಿರು ಎಂದರೂ ಸುಮ್ಮನಿರುತ್ತಿರಲಿಲ್ಲ.

ಒಂದು ಸಂಜೆ ನೀಲವ್ವ ಎಲ್ಲರಿಗಿಂತ ಮುಂಚೆ ಬಂದಳು. ಏನನ್ನೂ ಕೇಳಲಿಲ್ಲ. ಚೀಲ ಇಳಿಸಿದಳು, ಕೈ ತೊಳೆದಳು, ತಾನೇ ಪಾತ್ರೆಯ ಮುಚ್ಚಳ ತೆಗೆದು ತಟ್ಟೆಗೆ ಹಾಕಿಕೊಂಡಳು. ಹಾಗೆ ಮಾಡುವುದು ಮನೆ ಮಕ್ಕಳು. ಮುದುಕಿ ಅದನ್ನು ನೋಡಿದಳು. ಮುಖ ಆಚೆ ತಿರುಗಿಸಿ, ಉರಿಯುತ್ತಿದ್ದ ಒಲೆಯನ್ನೇ ಮತ್ತೆ ಮತ್ತೆ ಊದಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ನಿಜಗುಣನ ಮುಖ ಅರಳಿತ್ತು. “ಹಾಗಾದರೆ ನಾಳೆಯಿಂದ ನಾನೂ ಶೇಂಗಾ ಕುದಿಸುತ್ತೇನೆ ಗುರುಗಳೇ. ಬಿಸಿಬಿಸಿಯಾಗಿ ಕೊಡುತ್ತೇನೆ. ನಿಂಬೆಹಣ್ಣು ಮಕ್ಕಳ ಕೈಗೇ ಕೊಡುತ್ತೇನೆ,” ಎಂದ.

“ಆಗಲಿ,” ಎಂದರು ಗುರುಗಳು. ಆಮೇಲೆ ಅವನ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟು ಕೇಳಿದರು:

“ಇವತ್ತು ಸಂಜೆ ನೀನು ಏನು ತಿಂದೆಯಪ್ಪ?”

ನಿಜಗುಣ ತಲೆ ತಗ್ಗಿಸಿದ. ಮಕ್ಕಳ ಸಾಲಿನಲ್ಲಿ ಅವನು ಒಂದು ದಿನವೂ ಕುಳಿತು ತಿಂದವನಲ್ಲ.