ಫುಟ್‌ಬೋರ್ಡ್ ಬಿಚ್ಚಿಸಿದ ವ್ಯಾಪಾರಿ

"ಗುರುಗಳೇ, ನಾನು ತಯಾರಾಗುವುದು ಯಾವಾಗ?" ಎಂದು ಮರುಳಸಿದ್ಧ ಕೇಳಿದ.

ಅವನು ಮಠದಲ್ಲಿ ಓದಲು ಕೂತು ವರ್ಷಗಳಾಗಿದ್ದವು. ಆ ದಿನ ಬೆಳಿಗ್ಗೆ ಅವನ ಅಕ್ಕ ಕೊಟ್ರವ್ವ ಮತ್ತೆ ಬಂದಿದ್ದಳು. ಅವಳು ಕೇಳುವುದು ಪ್ರತಿಸಲ ಒಂದೇ. ಊರಿಗೆ ಬಾ, ನಮ್ಮ ಅತ್ತೆಗೆ ನಿನ್ನ ಬಾಯಿಂದ ವಚನ ಕೇಳುವ ಆಸೆ, ಒಂದು ತಿಂಗಳು ಇದ್ದು ಅರ್ಥ ಹೇಳಿ ಬಾ. ಅವನು ಹೇಳುವುದೂ ಪ್ರತಿಸಲ ಒಂದೇ. ಇದೊಂದು ಗ್ರಂಥ ಮುಗಿಯಲಿ ಅಕ್ಕ. ಅವಳು ಹೊರಗೆ ಹೋಗಿ ಜಗಲಿಯ ಮೇಲೆ ಕೂತಿದ್ದಳು.

ಗುರುಗಳು ದಾಸೋಹದ ಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಈಗ ಏನು ಕಡಿಮೆ ಬಿದ್ದಿದೆಯಪ್ಪಾ ನಿನಗೆ?"

"ವ್ಯಾಕರಣ ಇನ್ನೂ ಗಟ್ಟಿಯಾಗಿಲ್ಲ. ಟೀಕೆಗಳನ್ನು ಪೂರ್ತಿ ನೋಡಿಲ್ಲ. ಯಾರಾದರೂ ನಡುವೆ ಎದ್ದು ಏನಾದರೂ ಕೇಳಿಬಿಟ್ಟರೆ?"

"ಹೂಂ. ಕೂತುಕೋ. ಕಲ್ಲು ಆರಿಸುತ್ತಾ ಕೇಳು. ಕೈ ಖಾಲಿ ಇದ್ದರೆ ನೀನು ನನ್ನ ಕತೆಗೂ ಟೀಕೆ ಬರೆಯಲು ಶುರು ಮಾಡುತ್ತೀಯ" ಎಂದು ಗುರುಗಳು ಮೊರವನ್ನು ಅವನ ಕಡೆ ತಳ್ಳಿದರು. ಆಮೇಲೆ ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಒಳ್ಳೆಯವನು. ಹೆಂಡತಿ ಎಂದರೆ ಜೀವ ಬಿಡುತ್ತಿದ್ದ. ಆಕೆಯ ತವರು ಗುಡ್ಡದ ಮೇಲಿನ ಒಂದು ಹಳ್ಳಿ. ಬಸ್ಸು ಗುಡ್ಡದ ಬುಡದಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಬರೀ ಕಲ್ಲಿನ ದಾರಿ, ನಡುವೆ ಒಂದು ಹಳ್ಳ. ಹುಡುಗಿಯಾಗಿದ್ದಾಗ ಆಕೆ ಆ ದಾರಿಯಲ್ಲಿ ಓಡಾಡಿದವಳೇ. ಈಗ ಮಂಡಿ ಹಿಡಿದುಕೊಂಡಿತ್ತು. ಮನೆಯ ಹೊಸ್ತಿಲು ದಾಟಲಿಕ್ಕೂ ಗೋಡೆ ಬೇಕು.

ಆಕೆಯ ತಮ್ಮನಿಗೆ ಬಹಳ ಕಾಲದ ಮೇಲೆ ಒಂದು ಗಂಡು ಕೂಸು ಹುಟ್ಟಿತು. ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಕೂಸನ್ನು ಆ ಮನೆಯ ತೊಟ್ಟಿಲಿಗೇ ಹಾಕಬೇಕು. ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಬೇಕು. ಆಕೆ ಹೇಳುವ ತನಕ ಆ ಹೆಸರು ಬೇರೆ ಯಾರ ಕಿವಿಗೂ ಬೀಳಬಾರದು, ಗಂಡನ ಕಿವಿಗೂ. ಇದ್ದವಳು ಇವಳೊಬ್ಬಳೇ ಸೋದರತ್ತೆ. ಸುದ್ದಿ ಕೇಳಿದ ದಿನವೇ ಆಕೆ ಹೆಸರು ಆರಿಸಿ ಮನಸ್ಸಿನಲ್ಲಿ ಇಟ್ಟುಕೊಂಡಳು. ಕೂಸಿನ ತಲೆಗೆ ಒಂದು ಕುಂಚಿಗೆಯನ್ನೂ ಹೊಲಿದಳು.

ತಮ್ಮ ಫೋನು ಮಾಡಿದ. "ಅಕ್ಕಾ, ಟ್ರ್ಯಾಕ್ಟರ್ ತರುತ್ತೇನೆ. ಟ್ರೇಲರಿಗೆ ಹಾಸಿಗೆ ಹಾಸಿ ಮೆತ್ತಗೆ ಕರಕೊಂಡು ಬರುತ್ತೇನೆ" ಎಂದ. ಆಕೆ ಹೂಂ ಅನ್ನುವಷ್ಟರಲ್ಲಿ ಗಂಡ ಫೋನು ಕಸಿದುಕೊಂಡ.

"ಏನಪ್ಪಾ, ನಿಮ್ಮಕ್ಕ ಏನು ಗೊಬ್ಬರದ ಚೀಲವೇ? ನಾನು ಗಾಡಿ ತಗೊಳ್ಳುತ್ತೇನೆ. ಮಹಾರಾಣಿಯ ಹಾಗೆ ತಂದು ನಿನ್ನ ಬಾಗಿಲಲ್ಲಿ ಇಳಿಸುತ್ತೇನೆ. ಅಲ್ಲಿಯವರೆಗೆ ತೊಟ್ಟಿಲು ಕಟ್ಟಬೇಡ."

ಪ್ರೀತಿಯ ಮಾತೇ. ನಾನು ಅಲ್ಲ ಅನ್ನುವುದಿಲ್ಲ.

ಅವನು ಒಂದು ಹಳೆಯ ಡೀಸೆಲ್ ಗಾಡಿ ಕೊಂಡ. ದೊಡ್ಡದು, ನಾಲ್ಕು ಚಕ್ರಕ್ಕೂ ಎಳೆತ ಇರುವಂಥದು. ಯಾರದೋ ಕೈಯಲ್ಲಿ ದುಡಿದು ದಣಿದಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕೆಮ್ಮಿ ಕೆಮ್ಮಿ ಕಪ್ಪು ಹೊಗೆ ಉಗುಳುತ್ತಿತ್ತು. ಬ್ರೇಕು ಮನಸ್ಸಾದರೆ ಹಿಡಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಗ್ಯಾರೇಜಿಗೆ ಒಯ್ದ. ಮೇಸ್ತ್ರಿ ಬ್ರೇಕು ಸರಿಮಾಡಿದ, ಡೀಸೆಲ್ ಚಿಮ್ಮುವ ನಾಝಲ್‌ಗಳನ್ನು ಬಿಚ್ಚಿ ತೊಳೆಸಿದ, ಸೋರುತ್ತಿದ್ದ ಪೈಪು ತೆಗೆದು ಹೊಸದು ಹಾಕಿದ. ಹೊಗೆ ನಿಂತಿತು. ಇಷ್ಟು ಬೇಕೇ ಬೇಕಿತ್ತು ಮರುಳಸಿದ್ಧ. ಬ್ರೇಕಿಲ್ಲದ ಗಾಡಿಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋಗು ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹೆಂಡತಿ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು, ಬಾಗಿಲು ಹಿಡಿದು, ಉಸ್ಸಪ್ಪಾ ಎಂದು ಹತ್ತಿ ಕೂತಳು. ಇಬ್ಬರೂ ಪೇಟೆಯಲ್ಲಿ ಒಂದು ಸುತ್ತು ಹೋಗಿ ಬಂದರು. "ಚೆನ್ನಾಗಿದೆ ಕಣ್ರೀ. ನಾಳೆಯೇ ಹೋಗಿಬಿಡೋಣ" ಎಂದಳು.

ಮರುದಿನ ಹೋಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ನಿನ್ನ ಬೇಳೆಯೂ ಇಷ್ಟು ಹೊತ್ತಿಗೆ ಒಲೆ ಏರಿರುತ್ತಿತ್ತು.

ವ್ಯಾಪಾರಿಗೆ ಒಂದು ಯೋಚನೆ ಹತ್ತಿತು. ದಾರಿಯಲ್ಲಿ ಗಾಡಿಯ ತಳ ಕಲ್ಲಿಗೆ ಬಡಿದರೆ? ಹೆಂಡತಿಗೆ ಧಕ್ಕೆ ಆದರೆ? ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿಗೂ ಗುಡ್ಡ ಹತ್ತುವ ಗಾಡಿಯೊಂದನ್ನು ಕಟ್ಟಬೇಕೆಂದು ಬಹಳ ದಿನದ ಚಪಲ. ಎತ್ತರಿಸಿಬಿಡೋಣ ಸಾಹುಕಾರ್ರೇ ಎಂದ. ಸ್ಪ್ರಿಂಗಿಗೆ ಪಟ್ಟಿ ಸೇರಿಸಿ ಎತ್ತರಿಸಿದರು. ಎತ್ತರದ ಗಾಡಿಗೆ ಹಳೆಯ ಟೈರು ಕುಳ್ಳಗೆ ಕಂಡಿತು. ದಪ್ಪ ಹಲ್ಲಿನ ದೊಡ್ಡ ಟೈರು ಬಂತು. ದೊಡ್ಡ ಟೈರು ತಿರುಗುವಾಗ ಮಡ್‌ಗಾರ್ಡಿಗೆ ಉಜ್ಜಿತು. ಅದಕ್ಕೆ ಇನ್ನಷ್ಟು ಎತ್ತರಿಸಿದರು.

ಹಳ್ಳದ ನೀರು ಇಂಜಿನ್ನಿಗೆ ನುಗ್ಗಿದರೆ? ಗಾಳಿ ಎಳೆಯುವ ಪೈಪನ್ನು ಛಾವಣಿಯ ತನಕ ಏರಿಸಿದರು. ಕೆಸರಿನಲ್ಲಿ ಹೂತುಕೊಂಡರೆ? ಮೂತಿಗೆ ಉಕ್ಕಿನ ಹಗ್ಗದ ಒಂದು ರಾಟೆ ಕೂರಿಸಿದರು. ಹಗ್ಗವನ್ನು ಮರಕ್ಕೆ ಕಟ್ಟಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದಂತೆ. "ಆ ಗುಡ್ಡದಲ್ಲಿ ಕಟ್ಟಲಿಕ್ಕೆ ಮರ ಎಲ್ಲಿದೆ ರೀ?" ಎಂದು ಹೆಂಡತಿ ಕೇಳಿದಳು. ಇಬ್ಬರಿಗೂ ಅದು ಕೇಳಿಸಲಿಲ್ಲ. ರಾಟೆಯ ಭಾರಕ್ಕೆ ಮೂತಿ ತಗ್ಗಿತು. ಮುಂದಿನ ಸ್ಪ್ರಿಂಗಿಗೆ ಮತ್ತೆ ಪಟ್ಟಿ ಬಿತ್ತು.

ಅತ್ತ ಗುಡ್ಡದಿಂದ ಫೋನು ಬರುತ್ತಲೇ ಇತ್ತು. ಕೂಸು ಬೋರಲು ಬಿತ್ತು. ಕೂಸಿಗೆ ಹಲ್ಲು ಬಂತು. ಕೂಸು ಗೋಡೆ ಹಿಡಿದು ನಿಂತಿತು. ಹೆಸರಿಲ್ಲದ್ದಕ್ಕೆ ಎಲ್ಲರೂ ಕೂಸೇ ಕೂಸೇ ಎನ್ನುತ್ತಿದ್ದರು.

"ಅಲ್ಲಾರೀ," ಎಂದಳು ಹೆಂಡತಿ, "ಇನ್ನು ಸ್ವಲ್ಪ ದಿನ ಬಿಟ್ಟರೆ ಅದೇ ನಿಮಗೆ ಫೋನು ಮಾಡಿ ತನ್ನ ಹೆಸರು ಹೇಳುತ್ತೆ."

"ಇನ್ನೇನು, ಆಯಿತು ಕಣೇ. ಎಲ್ಲಾ ನಿನಗೋಸ್ಕರ ತಾನೇ?" ಎಂದ.

ಸುಳ್ಳಲ್ಲ. ಆಕೆಗೂ ಗೊತ್ತಿತ್ತು. ಅದಕ್ಕೇ ಆಕೆಗೆ ಸಿಟ್ಟು ಮಾಡಿಕೊಳ್ಳಲಿಕ್ಕೂ ಆಗುತ್ತಿರಲಿಲ್ಲ. ಕುಂಚಿಗೆಯನ್ನು ತೆಗೆದು, ನೋಡಿ, ಮತ್ತೆ ಮಡಿಚಿ ಇಡುತ್ತಿದ್ದಳು.

ಕೊನೆಗೆ ಒಂದು ದಿನ ವ್ಯಾಪಾರಿ ಗಾಡಿಯ ಕೆಳಗೆ ಇಣುಕಿ ನೋಡಿದ. ಎಲ್ಲಕ್ಕಿಂತ ಕೆಳಗೆ ಜೋತಾಡುತ್ತಿದ್ದದ್ದು ಫುಟ್‌ಬೋರ್ಡು. ಇದು ಕಲ್ಲಿಗೆ ತಾಗುತ್ತದೆ ಎಂದ. ಹೌದು ಎಂದ ಮೇಸ್ತ್ರಿ. ಬಿಚ್ಚಿ ಗೋಡೆಗೆ ಒರಗಿಸಿದರು. ಗಾಡಿ ಸಿದ್ಧವಾಯಿತು.

ಹೊರಡುವ ದಿನ ಗಾಡಿಗೆ ಹಾರ ಹಾಕಿ, ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟರು. ಬೀದಿಯವರೆಲ್ಲ ನೋಡಲು ಬಂದರು. ಹೆಂಡತಿ ಹೊಸ ಸೀರೆ ಉಟ್ಟು, ಕುಂಚಿಗೆಯ ಚೀಲ ಹಿಡಿದು, ನಗುನಗುತ್ತಾ ಬಂದಳು. ವ್ಯಾಪಾರಿ ಬಾಗಿಲು ತೆರೆದ. ಸೀಟು ಆಕೆಯ ಎದೆಯ ಮಟ್ಟಕ್ಕಿತ್ತು. ಆಕೆ ಕಾಲು ಎತ್ತಿ ನೋಡಿದಳು. ಮಂಡಿ ಏಳಲಿಲ್ಲ. ಇನ್ನೊಂದು ಕಾಲು ಎತ್ತಿ ನೋಡಿದಳು.

"ರೀ, ಇದನ್ನು ನಾನು ಹತ್ತಲಾರೆ."

ಮೊದಲು ನಕ್ಕವಳು ಆಕೆಯೇ. ಆಮೇಲೆ ಬೀದಿಯೆಲ್ಲ ನಕ್ಕಿತು. ಎಲ್ಲರೂ ನಗುತ್ತಿರುವಾಗ ಆಕೆಯ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡಳು. ವ್ಯಾಪಾರಿ ಅದನ್ನು ನೋಡಿದ. ಗಾಡಿಯನ್ನು ಅಷ್ಟು ದಿನ ಮೇಲೂ ಕೆಳಗೂ ನೋಡಿದ್ದ, ಆಕೆಯ ಮಂಡಿಯನ್ನು ಒಂದು ದಿನವೂ ನೋಡಿರಲಿಲ್ಲ.

ಅಂಗಡಿಯಿಂದ ಸ್ಟೂಲು ತಂದರು. ಅದರಿಂದಲೂ ಸೀಟು ದೂರವೇ. ವ್ಯಾಪಾರಿ ಸ್ಟೂಲಿನ ಪಕ್ಕದಲ್ಲಿ ಮಣ್ಣಿಗೆ ಮಂಡಿ ಊರಿ, ತನ್ನ ತೊಡೆ ತೋರಿಸಿದ.

"ಇದರ ಮೇಲೆ ಕಾಲಿಡು."

"ಅಯ್ಯೋ, ಎದ್ದೇಳಿ! ಗಂಡನ ಮೈಮೇಲೆ ಕಾಲಿಡುತ್ತಾರೆಯೇ? ಪಾಪ ಬರುತ್ತೆ."

"ಕೂಸನ್ನು ಇಷ್ಟು ದಿನ ಹೆಸರಿಲ್ಲದೆ ಬಿಟ್ಟ ಪಾಪ ನನ್ನ ತಲೆ ಮೇಲಿದೆ. ಅದರ ಮುಂದೆ ಇದೇನು ಮಹಾ? ಇಡೇ ಕಾಲು."

ಆಕೆ ಸ್ಟೂಲಿನ ಮೇಲೆ ಒಂದು ಕಾಲಿಟ್ಟಳು, ತೊಡೆಯ ಮೇಲೆ ಒಂದು. ನೆರೆಮನೆಯ ಹೆಂಗಸರು ಹಿಂದಿನಿಂದ ನೂಕಿದರು. ಸೀಟಿನಲ್ಲಿ ಕೂತಳು. ಅವನ ಬಿಳಿ ಪಂಚೆಯ ಮೇಲೆ ಆಕೆಯ ಹೆಜ್ಜೆ ಮೂಡಿತ್ತು. ಅದನ್ನು ಅವನು ಕೊಡವಿಕೊಳ್ಳಲಿಲ್ಲ.

ಗಾಡಿ ಗುಡ್ಡ ಹತ್ತಿತು. ಹಳ್ಳದಲ್ಲಿ ನೀರು ಕಣಕಾಲಿಗಿತ್ತು. ಕೆಸರು ಇರಲಿಲ್ಲ. ಮರವೂ ಇರಲಿಲ್ಲ. ತಮ್ಮನ ಮನೆಯ ಮುಂದೆ ಒಂದು ಹಳೆಯ ಗಾಡಿ ಆಗಲೇ ನಿಂತಿತ್ತು.

"ಇದು ಯಾರದು?" ಎಂದು ವ್ಯಾಪಾರಿ ಕೇಳಿದ.

"ದನದ ಡಾಕ್ಟರದ್ದು ಭಾವಾ. ವಾರವಾರ ಬರುತ್ತಾರಲ್ಲ" ಎಂದ ತಮ್ಮ.

ವ್ಯಾಪಾರಿ ಬಗ್ಗಿ ನೋಡಿದ. ಅದರ ಫುಟ್‌ಬೋರ್ಡು ಕಲ್ಲಿಗೆ ತಾಗಿ ತಾಗಿ ಸೊಟ್ಟಗಾಗಿತ್ತು. ಆದರೆ ಇತ್ತು.

ತೊಟ್ಟಿಲು ಕಟ್ಟಿದರು. ಕೂಸು ತೊಟ್ಟಿಲಿಗೆ ಬರಲು ಒಪ್ಪಬೇಕಲ್ಲ? ಅಂಗಳದಲ್ಲಿ ಕೋಳಿಮರಿಗಳ ಹಿಂದೆ ಓಡುತ್ತಿತ್ತು. ಹಿಡಿದು ತಂದು ಮಲಗಿಸಿದರೆ ಕಾಲು ಹೊರಗೆ ಬಂದವು. ಕುಂಚಿಗೆ ತಲೆಗೆ ಹಿಡಿಸಲಿಲ್ಲ. ಸೋದರತ್ತೆ ಬಗ್ಗುವಷ್ಟರಲ್ಲಿ ಕೂಸು ಜಿಗಿದು ಓಡಿತು. ಮಂಡಿನೋವಿನ ಹೆಂಗಸು, ಎಲ್ಲಿಂದ ಓಡಬೇಕು? ನಿಂತಲ್ಲೇ ಎರಡೂ ಕೈ ಚಾಚಿದಳು. ವ್ಯಾಪಾರಿಯೇ ಅಂಗಳವೆಲ್ಲ ಓಡಿ, ಕೂಸನ್ನು ಹಿಡಿದು ತಂದು, ಮಂಡಿ ಊರಿ ಕೂತು, ಅದರ ಕಿವಿಯನ್ನು ಆಕೆಯ ಬಾಯಿಯ ಹತ್ತಿರ ಹಿಡಿದ. ಆಕೆ ಹೆಸರು ಹೇಳಿದಳು. ಕೂಸು ಕಿವಿ ಒರೆಸಿಕೊಂಡು, ಬಿಡಿಸಿಕೊಂಡು, ಮತ್ತೆ ಕೋಳಿಮರಿಯ ಹಿಂದೆ ಹೋಯಿತು.

"ಯಾವ ಹೆಸರು ಗುರುಗಳೇ?" ಎಂದು ಮರುಳಸಿದ್ಧ ಕೇಳಿದ.

"ಅದು ನಿನಗ್ಯಾಕೆ? ನೀನೇನು ಸೋದರತ್ತೆಯೇ?" ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಮುಂದುವರಿಸಿದರು.

ಮನೆಗೆ ಬಂದ ದಿನವೇ ವ್ಯಾಪಾರಿ ಫುಟ್‌ಬೋರ್ಡು ಹಾಕಿಸಿದ, ಗಾಡಿಯನ್ನೂ ತಗ್ಗಿಸಿದ. ಆಮೇಲೆ ಹಬ್ಬಹಬ್ಬಕ್ಕೂ ಹೆಂಡತಿಯನ್ನು ಗುಡ್ಡಕ್ಕೆ ಕರೆದುಕೊಂಡು ಹೋದ. ಆದರೆ ಕೂಸಿಗೆ ಆ ಹೆಸರು ಅಂಟಲಿಲ್ಲ. ಅಷ್ಟು ಹೊತ್ತಿಗೆ ಊರಿನ ಬಾಯಿಗೆ ಕೂಸ ಎನ್ನುವುದೇ ರೂಢಿಯಾಗಿಬಿಟ್ಟಿತ್ತು. ಈಗ ಅವನಿಗೆ ಮೀಸೆ ಬಂದಿದೆ, ಈಗಲೂ ಎಲ್ಲರೂ ಕೂಸಣ್ಣ ಎಂದೇ ಕರೆಯುತ್ತಾರೆ. ಸೋದರತ್ತೆ ಒಬ್ಬಳು ಮಾತ್ರ ಗಾಡಿಯಿಂದ ಇಳಿಯುತ್ತಾ ಆ ಹೆಸರು ಹಿಡಿದು ಕೂಗುತ್ತಾಳೆ. ಅವನು ಓಡಿಬಂದು ಆಕೆಯನ್ನು ತಬ್ಬಿಕೊಳ್ಳುತ್ತಾನೆ. ಆದರೆ ತಿರುಗುವ ಮೊದಲು ಒಂದು ಗಳಿಗೆ ತಡೆಯುತ್ತಾನೆ, ಕರೆದದ್ದು ತನ್ನನ್ನೇ ಹೌದೋ ಅಲ್ಲವೋ ಎಂದು. ಆ ಒಂದು ಗಳಿಗೆ ನೋಡಿದಾಗಲೆಲ್ಲ ವ್ಯಾಪಾರಿ ತಲೆ ತಗ್ಗಿಸುತ್ತಾನೆ.

ಗುರುಗಳ ಕತೆ ಮುಗಿಯಿತು. ಮರುಳಸಿದ್ಧನ ಕೈ ಬೇಳೆಯ ಮೇಲೆ ನಿಂತಿತ್ತು.

"ಹಾಗಾದರೆ ಓದುವುದು ತಪ್ಪೇ ಗುರುಗಳೇ?"

"ಬ್ರೇಕಿನ ಮಾತು ಆಗಲೇ ಹೇಳಿದೆನಲ್ಲೋ. ನಿನ್ನ ಬ್ರೇಕು ಸರಿಯಾಗಿ ಯಾವ ಕಾಲವಾಯಿತು!" ಎಂದು ಗುರುಗಳು ರೇಗಿದರು. ಮೊರವನ್ನು ಅವನ ಕೈಯಿಂದ ತೆಗೆದುಕೊಂಡರು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು:

"ನಿನ್ನ ಅಕ್ಕ ಬೆಳಿಗ್ಗೆ ಜಗಲಿಗೆ ಹೋಗುವಾಗ ನನಗೆ ಹೇಳಿದಳು, ಅವಳ ಅತ್ತೆಗೆ ಒಂದು ಕಿವಿ ಪೂರ್ತಿ ಹೋಗಿ, ಇನ್ನೊಂದರಲ್ಲಿ ಸ್ವಲ್ಪ ಕೇಳಿಸುತ್ತದಂತೆ."