ಮರಿಯ ಬೆಚ್ಚನೆ ಜಾಗ

ಹೂಂ ಅನ್ನಿ, ಹೇಳ್ತೀನಿ. ಚಳಿಯೂರು ಅಂತ ಒಂದು ದೊಡ್ಡ ಪೇಟೆ. ಅಲ್ಲಿ ನಾಗಜ್ಜಿಯ ಮನೆ. ಮನೆಯಲ್ಲಿ ಒಂದು ಬಚ್ಚಲೊಲೆ. ಒಲೆಯ ಪಕ್ಕ ಬೂದಿ ಬೆಕ್ಕು. ಬೆಕ್ಕಿನ ಪಕ್ಕ ಪುಟ್ಟ ಮರಿ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಒಲೆ ತಣ್ಣಗೆ. ಮರಿ ಗಡಗಡ ನಡುಗಿತು. ಬೆಕ್ಕಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

"ಒಲೆ ಒಲೆ, ಉರಿ. ಮರಿ ನಡುಗುತ್ತಿದೆ."

"ಸೌದೆ ಇಲ್ಲದೆ ಉರಿಯಲ್ಲ," ಅಂತು ಒಲೆ.

ಬೆಕ್ಕು ಸೌದೆ ಹತ್ತಿರ ಓಡಿತು.

"ಸೌದೆ ಸೌದೆ, ಬಾ. ಒಲೆ ಉರಿಯಲ್ಲ, ಮರಿ ನಡುಗುತ್ತಿದೆ."

"ನನಗೇನು ಕಾಲಿದೆಯಾ? ಅಜ್ಜಿ ಹೊತ್ತು ತರಬೇಕು," ಅಂತು ಸೌದೆ.

ಬೆಕ್ಕು ಅಜ್ಜಿ ಹತ್ತಿರ ಓಡಿತು.

"ಅಜ್ಜಿ ಅಜ್ಜಿ, ಸೌದೆ ತಾ. ಸೌದೆ ಬರಲ್ಲ, ಒಲೆ ಉರಿಯಲ್ಲ, ಮರಿ ನಡುಗುತ್ತಿದೆ."

"ಹೇಗೆ ತರಲಿ ನನ್ನಮ್ಮ? ಹೊಗೆ ಹೋಗೋ ಕಿಂಡಿ ಮುಚ್ಚಿದೆ. ಹಚ್ಚಿದರೆ ಮನೆಯೆಲ್ಲ ಹೊಗೆ," ಅಂದಳು ಅಜ್ಜಿ.

ಬೆಕ್ಕು ಕಿಂಡಿ ಹತ್ತಿರ ಓಡಿತು.

"ಕಿಂಡಿ ಕಿಂಡಿ, ತೆರಿ. ಅಜ್ಜಿ ತರಲ್ಲ, ಸೌದೆ ಬರಲ್ಲ, ಒಲೆ ಉರಿಯಲ್ಲ, ಮರಿ ನಡುಗುತ್ತಿದೆ."

"ಸೊಸೆ ಕಸ್ತೂರಿ ನನ್ನ ಬಾಯಿಗೆ ಗೋಣಿಚೀಲ ತುರುಕಿದ್ದಾಳೆ. ಅವಳನ್ನೇ ಕೇಳು," ಅಂತು ಕಿಂಡಿ. ಬಾಯಿ ತುಂಬ ಚೀಲ, ಆದರೂ ಮಾತು ನೋಡಿ ಅದಕ್ಕೆ.

ಬೆಕ್ಕು ಕಸ್ತೂರಿ ಹತ್ತಿರ ಓಡಿತು. ಅವಳು ದಪ್ಪ ಕಾಲುಚೀಲ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು.

"ಕಸ್ತೂರಕ್ಕ, ಚೀಲ ತೆಗಿ. ಕಿಂಡಿ ತೆರೆಯಲ್ಲ, ಅಜ್ಜಿ ತರಲ್ಲ, ಸೌದೆ ಬರಲ್ಲ, ಒಲೆ ಉರಿಯಲ್ಲ, ಮರಿ ನಡುಗುತ್ತಿದೆ."

"ತೆಗೆಯಲ್ಲ. ಗೋಡೆಗೆ ಹೊಸ ಯಂತ್ರ ಹಾಕಿಸಿದ್ದೀನಿ. ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬಿಸಿ. ಕಿಂಡಿ ತೆಗೆದರೆ ಬಿಸಿಯೆಲ್ಲ ಆಚೆ ಹೋಗುತ್ತೆ. ಹೋಗು, ಯಂತ್ರವನ್ನೇ ಕೇಳು."

ಬೆಕ್ಕು ಯಂತ್ರದ ಹತ್ತಿರ ಓಡಿತು.

"ಯಂತ್ರ ಯಂತ್ರ, ಬಿಸಿ ಕೊಡು. ಕಸ್ತೂರಿ ತೆಗೆಯಲ್ಲ, ಕಿಂಡಿ ತೆರೆಯಲ್ಲ, ಅಜ್ಜಿ ತರಲ್ಲ, ಸೌದೆ ಬರಲ್ಲ, ಒಲೆ ಉರಿಯಲ್ಲ, ಮರಿ ನಡುಗುತ್ತಿದೆ."

"ಊದುತ್ತಲೇ ಇದ್ದೀನಲ್ಲ. ನನ್ನನ್ನ ಅಷ್ಟೆತ್ತರ ಕೂರಿಸಿದ್ದಾರೆ. ನನ್ನ ಬಿಸಿ ಮೇಲೇ ನಿಲ್ಲುತ್ತೆ, ನೆಲಕ್ಕಿಳಿಯಲ್ಲ."

ಪಾಪ ಬೆಕ್ಕು. ಇನ್ನು ಯಾರನ್ನ ಕೇಳೋದು? ಮರಿಯನ್ನ ಬಾಯಲ್ಲಿ ಕಚ್ಚಿಕೊಂಡು ಬಂತು. ಕಸ್ತೂರಿಯ ಮಡಿಲಲ್ಲೇ ಇಟ್ಟಿತು.

ಕಸ್ತೂರಿ ಮರಿಯ ಪಾದ ಮುಟ್ಟಿದಳು. ತಣ್ಣಗೆ ಕೊರೆಯುತ್ತಿತ್ತು. ಕಾಲುಚೀಲ ಕಳಚಿ ತನ್ನ ಪಾದ ನೆಲಕ್ಕಿಟ್ಟಳು. ತಟ್ಟನೆ ಎತ್ತಿಕೊಂಡಳು.

"ಅಯ್ಯೋ ಮರಿ, ಕುರ್ಚಿಯಲ್ಲಿ ಕೂತವಳಿಗೆ ನೆಲದ ಚಳಿ ತಿಳಿಯಲೇ ಇಲ್ಲವಲ್ಲ."

ಕಸ್ತೂರಿ ಚೀಲ ತೆಗೆದಳು. ಕಿಂಡಿ ತೆರೆಯಿತು. ಅಜ್ಜಿ ತಂದಳು. ಸೌದೆ ಬಂತು. ಒಲೆ ಉರಿಯಿತು. ಮರಿಯ ನಡುಕ ನಿಂತಿತು.

"ನೀನು ಬೇಸಿಗೆಗೆ ಎದ್ದರೆ ಸಾಕು," ಅಂತ ಕಸ್ತೂರಿ ಯಂತ್ರವನ್ನ ಮಲಗಿಸಿದಳು. ಆಮೇಲೆ ಬಚ್ಚಲೊಲೆಯ ಹತ್ತಿರ ಬಂದಳು.

"ಸ್ವಲ್ಪ ಸರೀರಿ, ನನಗೂ ಜಾಗ ಕೊಡಿ."

ಅಜ್ಜಿ ಸರಿದಳು. ಬೆಕ್ಕು ಸರಿಯಿತು. ಮರಿ ಮಾತ್ರ ಸರಿಯಲಿಲ್ಲ. ಅದು ಆಗಲೇ ನಿದ್ದೆ ಹೋಗಿತ್ತು.